ಪಾಕದ ಬಟ್ಟೆ

ಚಳಿ ಇನ್ನೂ ಬಿಟ್ಟಿರಲಿಲ್ಲ. ಕಬ್ಬು ಕಡಿಯುವ ಕಾಲ ಅರ್ಧ ದಾಟಿತ್ತು. ಬೆಲ್ಲದ ಮನೆಯ ಒಲೆ ಒಮ್ಮೆ ಹೊತ್ತಿದ್ದು ಆರಿರಲಿಲ್ಲ. ಒಂದು ಕೊಪ್ಪರಿಗೆ ಇಳಿಸುವಷ್ಟರಲ್ಲಿ ಇನ್ನೊಂದಕ್ಕೆ ಕಬ್ಬಿನ ಹಾಲು ತುಂಬುತ್ತಿತ್ತು. ಗಂಡಸರು ಗಾಣಕ್ಕೆ ಕಬ್ಬು ಕೊಡುತ್ತಿದ್ದರು. ಹೆಂಗಸರಲ್ಲಿ ಕೆಲವರು ನೊರೆ ತೆಗೆಯುತ್ತಿದ್ದರು, ಕೆಲವರು ಅಚ್ಚು ತೊಳೆಯುತ್ತಿದ್ದರು, ಕೆಲವರು ಗಾಣದಿಂದ ಬಿದ್ದ ಸಿಪ್ಪೆಯನ್ನು ಹೊತ್ತು ಅಂಗಳದಲ್ಲಿ ಒಣಹಾಕುತ್ತಿದ್ದರು.

ಒಲೆಗೆ ಉರಿ ಹಾಕುವ ಕೆಲಸ ಅವಳದು. ಅದಕ್ಕೇ ಅಲ್ಲಿ ಎಲ್ಲರೂ ಅವಳನ್ನು ಒಲೆಯವಳು ಎನ್ನುತ್ತಿದ್ದರು. ಒಣಗಿದ ಸಿಪ್ಪೆಯನ್ನು ಹಿಡಿಹಿಡಿಯಾಗಿ ಒಲೆಯ ಬಾಯಿಗೆ ತಳ್ಳುತ್ತಲೇ ಇರಬೇಕು. ಅದು ಭಗ್ಗನೆ ಹತ್ತಿ ನೋಡುನೋಡುತ್ತಲೇ ಬೂದಿಯಾಗುವ ಸರಕು. ಕೈ ನಿಂತರೆ ಉರಿ ಕುಸಿಯುತ್ತದೆ. ಕುಸಿದ ಉರಿಯನ್ನು ಎಬ್ಬಿಸಲು ಹೋಗಿ ಹೆಚ್ಚು ತುರುಕಿದರೆ ಪಾಕ ತಳ ಹಿಡಿಯುತ್ತದೆ. ತಳ ಹಿಡಿದ ಪಾಕದ ಬೆಲ್ಲ ಕಪ್ಪು. ಬೆಲ್ಲ ಕಪ್ಪಾದ ದಿನ ಯಜಮಾನನ ಮುಖವೂ ಅದೇ ಬಣ್ಣ.

ಒಲೆಯ ಹಿಂದಿನ ಗೋಡೆಯಲ್ಲಿ ಸಾಲಾಗಿ ಮೊಳೆಗಳಿದ್ದವು. ಒಂದೊಂದು ಮೊಳೆಗೆ ಒಂದೊಂದು ಬಟ್ಟೆಯ ಗಂಟು, ಯಾರ ಮಗುವಿನದು ಯಾವುದೆಂದು ತಿಳಿಯಲು ಒಂದೊಂದಕ್ಕೆ ಒಂದೊಂದು ಬಣ್ಣದ ದಾರ. ಮಗು ಅತ್ತರೆ ಗಂಟನ್ನು ಪಾಕದಲ್ಲಿ ಅದ್ದಿ, ಊದಿ ಆರಿಸಿ, ಬಾಯಿಗಿಟ್ಟರೆ ಆಯಿತು. ಮಗು ಚೀಪುತ್ತ ಚೀಪುತ್ತ ಸಿಪ್ಪೆಯ ಗುಡ್ಡೆಗೆ ಒರಗಿ ನಿದ್ದೆ ಹೋಗುತ್ತಿತ್ತು. ಎದ್ದರೆ ಮತ್ತೆ ಅದ್ದಿದರಾಯಿತು. ಯಜಮಾನನ ಅಪ್ಪನ ಕಾಲದಿಂದಲೂ ಮಕ್ಕಳ ಪಾಕ ಧರ್ಮಕ್ಕೆ. ಎಷ್ಟು ಬೇಕಾದರೂ ಅದ್ದಿಕೊಳ್ಳಬಹುದು. ಇಲ್ಲಿನ ಹೆಂಗಸರು ಬೇರೆ ಕಡೆ ದುಡಿಯುವವರ ಮುಂದೆ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಹಾಗೆ ಬೆಳೆದ ಮಕ್ಕಳ ಮುಂದಿನ ಹಲ್ಲುಗಳು ಕಂದಾಗಿ, ಸವೆದು, ಒಸಡಿನ ಹತ್ತಿರ ಮೊಂಡಾಗಿ ಉಳಿಯುತ್ತಿದ್ದವು. ಅದಕ್ಕೆ ಬೆಲ್ಲದ ಹಲ್ಲು ಎಂಬ ಹೆಸರಿತ್ತು. ಹೆಸರಿದ್ದುದರಿಂದ ಅದನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ.

ಒಲೆಯವಳಿಗೆ ಇಬ್ಬರು ಮಕ್ಕಳು. ಮೊದಲ ಎರಡು ಹಲ್ಲು ಬಂದಾಗ ಸಿಕ್ಕಿದ್ದನ್ನೆಲ್ಲ ಕಡಿಯುತ್ತಿದ್ದಳೆಂದು ಮಗಳಿಗೆ ಇಲಿಮರಿ ಎಂದು ಹೆಸರು ಬಿದ್ದಿತ್ತು. ಈಗ ಅವಳಿಗೆ ನಾಲ್ಕು ವರ್ಷ. ಆ ಹಲ್ಲುಗಳಿದ್ದ ಕಡೆ ಕಂದು ಮೊಂಡುಗಳಿದ್ದವು. ಚಿಕ್ಕವನು ಗುಂಡ. ಗೋಡೆ ಹಿಡಿದು ನಿಲ್ಲುವುದನ್ನು ಆಗ ತಾನೇ ಕಲಿತಿದ್ದ.

ಆ ದಿನ ಇಲಿಮರಿಯ ಬಲಗೆನ್ನೆ ಊದಿ ಕಣ್ಣಿನ ತನಕ ಏರಿತ್ತು. ಮೈ ಸುಡುತ್ತಿತ್ತು. ಹುಡುಗಿ ಅಳುತ್ತಿರಲಿಲ್ಲ, ಬಾಯಿ ತೆರೆಯಲು ಆಗದೆ ಮೂಗಿನಲ್ಲೇ ಸಣ್ಣಗೆ ಸದ್ದು ಮಾಡುತ್ತ ಕೂತಿದ್ದಳು.

"ಲವಂಗ ಅರೆದು ಇಡೇ," ಎಂದಳು ಅಚ್ಚು ತೊಳೆಯುತ್ತಿದ್ದ ಅತ್ತೆ. "ಹಾಲುಹಲ್ಲು ತಾನೇ? ಇವತ್ತಲ್ಲ ನಾಳೆ ಬೀಳೋದೇ."

"ನಿನ್ನೆಯಿಂದ ಒಂದು ಗುಟುಕು ಗಂಜಿನೂ ಇಳಿದಿಲ್ಲ ಅತ್ತೆ. ಬೀಳೋ ತನಕ ಉಪವಾಸ ಇರ್ತಾಳಾ?"

ನೊರೆ ತೆಗೆಯುತ್ತಿದ್ದವಳು ತಲೆ ಎತ್ತಿದಳು. ಬೆಳಿಗ್ಗೆ ಶುರುವಾದ ಮಾತು ಸಂಜೆ ತನಕ ನಿಲ್ಲದಿರುವುದರಿಂದ ಅವಳಿಗೆ ರೇಡಿಯೋ ಎಂದು ಹೆಸರು. "ಹೋಗಿ ಬಾರೇ ತಾಯಿ. ನಿನ್ನ ಒಲೆ ನಾನು ನೋಡ್ಕೋತೀನಿ. ಯಜಮಾನ್ರು ಕೇಳಿದ್ರೆ ಒಲೆಯೊಳಗೇ ಬಿದ್ದುಬಿಟ್ಲು ಅಂತೀನಿ. ಅದಕ್ಕಾದ್ರೆ ರಜಾ ಕೊಡ್ತಾರೆ."

ಅವಳು ಮಗಳನ್ನು ಹೆಗಲಿಗೆ ಹಾಕಿಕೊಂಡು, ಗುಂಡನನ್ನು ಸೊಂಟಕ್ಕೆ ಏರಿಸಿ, ಅವನ ಬಾಯಿಗೆ ಬಟ್ಟೆಯ ಗಂಟು ಇಟ್ಟು ಬಸ್ಸು ಹತ್ತಿದಳು.

ಪಟ್ಟಣದ ಆಸ್ಪತ್ರೆಯಲ್ಲಿ ಹಲ್ಲಿನ ಕೋಣೆ ಹಿಂದುಗಡೆ, ಔಷಧಿ ಕೊಡುವ ಕಿಟಕಿಯ ಪಕ್ಕದಲ್ಲಿತ್ತು. ಬಾಗಿಲಾಚೆ ಬೆಂಚಿನ ತುಂಬ ದವಡೆ ಹಿಡಿದುಕೊಂಡ ಜನ. ಒಳಗೆ ರೆಕ್ಸಿನ್ ಹರಿದ ಒರಗುವ ಕುರ್ಚಿ, ಅದರ ಮೇಲೆ ಬಗ್ಗಿದ ದೀಪ, ಮೂಲೆಯ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಹಲ್ಲಿನ ಸೆಟ್ಟು. ಡಾಕ್ಟರು ನಡುವಯಸ್ಸಿನ ಹೆಂಗಸು. ಬೆಳಿಗ್ಗೆಯಿಂದ ನಿಂತೇ ಇದ್ದವಳ ಮುಖ. ಇಲಿಮರಿಯ ಬಾಯಿಗೆ ದೀಪ ಬಿಟ್ಟು ನೋಡಿದಳು. ನೋಡುತ್ತ ನೋಡುತ್ತ ಅವಳ ಹುಬ್ಬು ಗಂಟಿಕ್ಕಿತು.

"ಇದೇನು ನಿನ್ನೆ ಮೊನ್ನೆ ಆಗಿದ್ದಲ್ಲ. ಇಷ್ಟು ದಿನ ಕಣ್ಣು ಮುಚ್ಕೊಂಡಿದ್ರಾ?"

"ಬೆಲ್ಲದ ಹಲ್ಲಲ್ವಾ ಡಾಕ್ಟರಮ್ಮ, ನಮ್ಮಲ್ಲಿ ಎಲ್ಲರಿಗೂ..."

ಆಗ ಡಾಕ್ಟರ ಕಣ್ಣು ಗುಂಡನ ಬಾಯಿಯ ಮೇಲೆ ಬಿತ್ತು. ಗಂಟನ್ನು ಎರಡು ಬೆರಳಲ್ಲಿ ಎಳೆದು ಮೂಸಿದಳು.

"ಏನಿದು?"

"ಪಾಕ."

"ಎಷ್ಟು ಹೊತ್ತು ಇದು ಬಾಯಲ್ಲಿರುತ್ತೆ?"

"ಕೆಲಸ ಇರೋಷ್ಟು ಹೊತ್ತೂ."

"ನಿಮ್ಮನ್ನ ತಾಯಿ ಅಂತಾರೇನಮ್ಮ?" ಡಾಕ್ಟರ ದನಿ ಬಾಗಿಲಾಚೆಯ ಬೆಂಚಿಗೂ ಕೇಳಿತು. ಅಲ್ಲಿದ್ದವರು ತಮ್ಮ ನೋವು ಮರೆತು ಇತ್ತ ಕತ್ತು ಚಾಚಿದರು. "ಒಂದು ಮಗು ಬಾಯಿ ಹಾಳು ಮಾಡಿದ್ದು ಸಾಲದು ಅಂತ ಇನ್ನೊಂದಕ್ಕೂ ಕೈ ಹಾಕಿದೀರಾ?"

ಅವಳಿಗೆ ಮೊದಲು ನೆಲ ಬಿರಿಯಬಾರದೇ ಅನ್ನಿಸಿತು. ಆಮೇಲೆ, ಒಲೆಯ ಮುಂದೆ ಕೂತಾಗ ಮೈಗೆ ಏರುವಂತೆ, ಬಿಸಿ ಕೆಳಗಿನಿಂದ ಏರಿತು.

"ತಾಯಿ ಅನ್ನಲ್ಲ ಡಾಕ್ಟರಮ್ಮ, ಅಲ್ಲಿ ನನ್ನನ್ನ ಒಲೆಯವಳು ಅಂತಾರೆ. ಕತ್ತಲಿರೋವಾಗ್ಲೇ ಉರಿ ಮುಂದೆ ಕೂತರೆ ಏಳೋ ಹಾಗಿಲ್ಲ. ಇವನು ಅತ್ತರೆ ಎತ್ಕೊಳ್ಳೋಕೆ ನಂಗೆ ಮೂರನೇ ಕೈ ಇಲ್ಲ. ಸುಮ್ನೆ ಬಿಟ್ರೆ ಅಂಬೆಗಾಲಿಟ್ಕೊಂಡು ಸೀದಾ ಉರಿ ಹತ್ರಾನೇ ಬರ್ತಾನೆ. ಬಾಯಲ್ಲಿ ಗಂಟಿದ್ರೆ ಕೂತಿರ್ತಾನೆ. ನಾನು ಇವನನ್ನ ಬೆಂಕಿಯಿಂದ ಉಳಿಸ್ಕೊಂಡಿದೀನಿ. ಇದರಿಂದ ಹಲ್ಲು ಹೋಗುತ್ತೆ ಅಂತ ಒಬ್ಬರಾದ್ರೂ ಬಂದು ಹೇಳಿದ್ರಾ? ಹೇಳೋಕೆ ಯಾರೂ ಇಲ್ಲ, ಬೈಯೋಕೆ ಮಾತ್ರ ಇದೀರಿ."

ಡಾಕ್ಟರು ಬಾಗಿಲು ಮುಂದಕ್ಕೆ ಹಾಕಿ ಬಂದು, ಸ್ಟೂಲನ್ನು ಕಾಲಿನಲ್ಲಿ ಅವಳ ಕಡೆ ತಳ್ಳಿದಳು.

"ಬೈದದ್ದು ಬೈದಾಯ್ತು. ಕೂತ್ಕೊಳ್ಳಿ. ಈಗ ಹೇಳ್ತೀನಿ."

ಹೇಳುವುದರ ಜೊತೆಗೆ ಕೈಯೂ ಕೆಲಸ ಮಾಡಿತು. ಇಲಿಮರಿಯ ಒಸಡಿಗೆ ಮರಗಟ್ಟುವ ಮದ್ದು ಚುಚ್ಚಿದಳು. ಒಂದು ದವಡೆ ಹಲ್ಲಿನ ಬೇರಿನ ತನಕ ಕೀವಾಗಿತ್ತು; ಅದನ್ನು ಉಳಿಸುವ ಹಾಗಿರಲಿಲ್ಲ, ಕಿತ್ತಳು. ಪಕ್ಕದ ಹಲ್ಲುಗಳಲ್ಲಿ ಬಿದ್ದಿದ್ದ ಗುಳಿಗಳನ್ನು ಮುಂದಿನ ವಾರ ಕೆರೆದು ತುಂಬಬೇಕೆಂದಳು. "ಬೀಳೋ ಹಲ್ಲು ಅಂತ ಬಿಡಬೇಡಿ. ಇವು ಮುಂದೆ ಬರೋ ಹಲ್ಲಿಗೆ ಜಾಗ ಹಿಡ್ಕೊಂಡು ಕೂತಿರೋವು. ಬೇಗ ಹೋದ್ರೆ ಆ ಹಲ್ಲು ಎಲ್ಲೆಲ್ಲೋ ಏಳುತ್ತೆ. ಕೀವು ಕೆಳಗಿಳಿದ್ರೆ ಅದು ಹುಟ್ಟೋ ಮುಂಚೆನೇ ಕೆಡುತ್ತೆ."

ಹಲ್ಲು ಯಾಕೆ ಕೊಳೆಯುತ್ತದೆ ಎಂದೂ ಹೇಳಿದಳು. ಎಲ್ಲರ ಬಾಯಲ್ಲೂ ಕಣ್ಣಿಗೆ ಕಾಣದ ಕ್ರಿಮಿಗಳಿರುತ್ತವೆ. ಸಿಹಿ ಬಂದರೆ ಅವು ತಿಂದು ಹುಳಿ ಬಿಡುತ್ತವೆ. ಆ ಹುಳಿ ಹಲ್ಲಿನ ಮೈಯನ್ನು ಕರಗಿಸುತ್ತದೆ. ಬಾಯಿಯ ನೀರು ಕರಗಿದ್ದನ್ನು ಮತ್ತೆ ಗಟ್ಟಿ ಮಾಡುತ್ತದೆ, ಆದರೆ ಅದಕ್ಕೆ ಬಿಡುವು ಬೇಕು. "ಒಂದು ಸಲ ತಿಂದು ನೀರು ಕುಡಿದ್ರೆ ಬಾಯಿ ಸುಧಾರಿಸ್ಕೊಳುತ್ತೆ. ಇಡೀ ದಿನ ಚೀಪಿದ್ರೆ ಸುಧಾರಿಸ್ಕೊಳ್ಳೋದು ಯಾವಾಗ? ನಿಮ್ಮ ಒಲೆ ಹಾಗೇನೇ ಇದು. ಆರೋಕೆ ಬಿಡ್ತಾನೇ ಇಲ್ಲ ನೀವು."

ಕೊನೆಗೆ ಗುಂಡನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೆಬ್ಬೆರಳಿನಿಂದ ಅವನ ಮೇಲ್ತುಟಿ ಎತ್ತಿದಳು. "ಬನ್ನಿ, ನೋಡಿ."

ಹೊಸ ಹಲ್ಲುಗಳು ಬೆಳ್ಳಗೆ ಚೆನ್ನಾಗಿಯೇ ಇದ್ದವು. ಒಸಡಿನ ಅಂಚಿನಲ್ಲಿ ಮಾತ್ರ, ಸೀಮೆಸುಣ್ಣದಲ್ಲಿ ಎಳೆದಂತೆ, ಹೊಳಪಿಲ್ಲದ ಒಂದು ಗೀರು.

"ಶುರು ಆಗೋದೇ ಹೀಗೆ. ಇದು ಇನ್ನೂ ತೂತಾಗಿಲ್ಲ, ಹಿಂದಕ್ಕೆ ಹೋಗುತ್ತೆ. ನಾನು ಮದ್ದು ಹಚ್ತೀನಿ. ರಾತ್ರಿ ಮಲಗೋ ಮುಂಚೆ ಅಕ್ಕಿ ಕಾಳಷ್ಟು ಪೇಸ್ಟಲ್ಲಿ ನೀವು ಉಜ್ಜಿ, ಆಮೇಲೆ ನೀರು ಬಿಟ್ಟು ಏನೂ ಬೇಡ. ಆದ್ರೆ ಆ ಗಂಟು ನಿಲ್ಲಬೇಕು. ನಾಳೆಯಿಂದಲ್ಲ, ಈಗಿನಿಂದ. ನಿಲ್ಲದಿದ್ರೆ ಮುಂದಿನ ಕಬ್ಬಿನ ಕಾಲಕ್ಕೆ ಇವನದೂ ಅಕ್ಕನ ಬಾಯೇ."

ಬಸ್ಸಿನಲ್ಲಿ ಅವಳು ಮತ್ತೆ ಮತ್ತೆ ಗುಂಡನ ತುಟಿ ಎತ್ತಿ ನೋಡಿದಳು. ಮಾರನೆಯ ಬೆಳಿಗ್ಗೆ ಅವನ ಗಂಟನ್ನು ಮೊಳೆಯಿಂದ ಕಿತ್ತು ಒಲೆಗೆ ಹಾಕಿದಳು.

ಗುಂಡ ಅತ್ತ. ಅಂಥ ಅಳು ಬೆಲ್ಲದ ಮನೆಯಲ್ಲಿ ಬಹಳ ವರ್ಷಗಳಿಂದ ಕೇಳಿರಲಿಲ್ಲ. ಅವನು ಅತ್ತದ್ದಕ್ಕೆ ಉಳಿದ ಮಕ್ಕಳೂ ಬಾಯಿಯಿಂದ ಗಂಟು ತೆಗೆದು ಶ್ರುತಿ ಸೇರಿಸಿದವು. ಅವಳು ಅವನನ್ನು ಬೆನ್ನಿಗೆ ಕಟ್ಟಿಕೊಂಡಳು. ಬಗ್ಗಿದಾಗಲೆಲ್ಲ ಅವನ ತಲೆ ಉರಿಯ ಕಡೆ ಜಾರಿತು. ಬಿಚ್ಚಿ ಕೆಳಗಿಳಿಸಿದಳು, ಅವನು ಒಲೆಯ ಕಡೆಗೇ ಬಂದ. ಅವನನ್ನು ಹಿಡಿಯಲು ಎದ್ದಾಗ ಉರಿ ಕುಸಿಯಿತು. ಮಧ್ಯಾಹ್ನದ ಕೊಪ್ಪರಿಗೆ ತಳ ಹಿಡಿಯಿತು.

ಯಜಮಾನ ಬಂದ. ಒಂದು ಚೂರು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡು ಉಗುಳಿದ. ಕಾರಣ ಕೇಳಿ ತಿಳಿದುಕೊಂಡ. ಅವನು ಕೂಗಾಡುವವನಲ್ಲ, ನೊಂದುಕೊಳ್ಳುವವನು.

"ನಮ್ಮಪ್ಪನ ಕಾಲದಿಂದ ನಿಮ್ಮ ಮಕ್ಕಳಿಗೆ ಸಿಹಿ ಉಣಿಸಿದೀವಮ್ಮ. ಯಾವ ಧಣಿ ಮಾಡ್ತಾನೆ ಹೇಳು? ಈಗ ನಮ್ಮ ಪಾಕ ವಿಷ ಆಯ್ತಾ? ಆಗಲಿ. ನಾಳೆಯಿಂದ ಮಗೂನ ಸುಮ್ನಿರಿಸಿಕೊಂಡು ಬಾ, ಇಲ್ಲಾಂದ್ರೆ ಮಗು ಇಲ್ಲದವಳು ಯಾರಾದ್ರೂ ಒಲೆಗೆ ಕೂರ್ತಾಳೆ."

ಅತ್ತೆ ಒದ್ದೆ ಕೈ ಒರೆಸಿಕೊಂಡು ಓಡಿ ಬಂದಳು. "ಅವಳಿಗೇನು ತಿಳಿಯುತ್ತೆ ಯಜಮಾನ್ರೇ, ನಾನು ಬುದ್ಧಿ ಹೇಳ್ತೀನಿ."

ಬುದ್ಧಿ ಹೇಳುವ ಕೆಲಸ ಸಂಜೆ ಊಟದ ಮುಂದೆ ಶುರುವಾಯಿತು. ಗಾಣಕ್ಕೆ ಕಬ್ಬು ಕೊಟ್ಟು ದಣಿದಿದ್ದ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಇವನನ್ನ ನಾನು ಸಾಕಿದ್ದೂ ಅದೇ ಗಂಟಲ್ಲೇ," ಎಂದು ಅತ್ತೆ ಮಗನತ್ತ ಕೈ ತೋರಿಸಿದಳು. "ಏನಾಗಿದೆ ಇವನಿಗೆ? ಎತ್ತಿನ ಹಾಗಿಲ್ವಾ?"

"ಬಾಯಿ ತೆಗೆಯೋಕೆ ಹೇಳಿ, ನೋಡೋಣ."

ಗಂಡ ನಕ್ಕ. ನಗುವಾಗ ಅವನ ಕೈ ತಾನಾಗಿ ಬಾಯಿಗೆ ಅಡ್ಡ ಬಂತು. ಮದುವೆಯಾದಾಗಿನಿಂದ ಅವನು ಹಾಗೆಯೇ ನಗುತ್ತಿದ್ದ. ನಾಚಿಕೆ ಸ್ವಭಾವ ಎಂದು ಅವಳು ಅಂದುಕೊಂಡಿದ್ದಳು. ಅತ್ತೆಯೂ ಆ ಕೈಯನ್ನೇ ನೋಡಿದಳು. ನೋಡಿ ಸಿಟ್ಟಾದಳು.

"ಹಾಗಾದ್ರೆ ನಾನು ನನ್ನ ಮಗನಿಗೆ ವಿಷ ಹಾಕಿದೆ ಅಂತೀಯಾ? ಹೇಳ್ಬಿಡು. ಈ ವಯಸ್ಸಲ್ಲಿ ಅದನ್ನೂ ಕೇಳ್ಬಿಡ್ತೀನಿ."

"ನಿಮ್ಮನ್ನ ಅಂತಿಲ್ಲ ಅತ್ತೆ. ಆ ಡಾಕ್ಟರಮ್ಮ ನನಗಂದಾಗ ನನ್ನ ಹೊಟ್ಟೆ ಹೇಗೆ ಉರೀತು ಗೊತ್ತಾ? ಅದನ್ನ ನಿಮಗೆ ಅಂತೀನಾ? ನಾನು ಕೇಳೋದು ಬೇರೆ. ಈ ಗಂಟು ಬರೋ ಮುಂಚೆ ಅಲ್ಲಿ ಮಕ್ಕಳಿರಲಿಲ್ವಾ? ಆಗ ಏನು ಮಾಡ್ತಿದ್ರು?"

ಅತ್ತೆ ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಯೋಚಿಸಿದಳು. "ಆಗ ಮುದ್ದಜ್ಜಿ ಇದ್ಲು."

"ಯಾರು ಮುದ್ದಜ್ಜಿ?"

"ಕಾಲು ಸರಿ ಇರಲಿಲ್ಲ ಅವಳಿಗೆ. ಹಿಂದಿನ ಚಪ್ಪರದಲ್ಲಿ ಮಕ್ಕಳನ್ನೆಲ್ಲ ಗುಡ್ಡೆ ಹಾಕ್ಕೊಂಡು ಕೂತಿರ್ತಿದ್ಲು. ಅದೇ ಅವಳ ಕೆಲಸ. ನಮ್ಮಷ್ಟೇ ಕೂಲಿ. ಅವಳು ಹೋದ ಮೇಲೆ ಇನ್ನೊಬ್ಬಳನ್ನ ಇಡಿ ಅಂತ ನಾವು ಕೇಳಿದ್ವಿ. ಹಳೇ ಯಜಮಾನ್ರು ಯೋಚನೆ ಮಾಡ್ತೀನಿ ಅಂದ್ರು. ಆಮೇಲೆ ಒಂದು ದಿನ ತಾವೇ ಬಟ್ಟೆ ಗಂಟು ಕಟ್ಟಿ ಪಾಕದಲ್ಲಿ ಅದ್ದಿ..."

"ಚಪ್ಪರಕ್ಕೆ ಯಾರು ಬಂದ್ರು ಆಮೇಲೆ?"

"ಯಾರೂ ಬರಲಿಲ್ಲ."

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಯಾರಿಗೂ ಅಲ್ಲದ ಹಾಗೆ, "ಆ ಹಳೇ ಯಜಮಾನನಿಗೆ ಒಳ್ಳೇದಾಗಲಿ ಅಂದಿದ್ದೆ ನಾನು," ಎಂದಳು. "ಎಲ್ಲರ ಮುಂದೆ ಅಂದಿದ್ದೆ. ಪುಣ್ಯಾತ್ಮ ಅಂದಿದ್ದೆ. ಒಬ್ಬಳ ಕೂಲಿ ಉಳಿಸ್ಕೊಂಡು, ನಮ್ಮ ಮಕ್ಕಳ ಹಲ್ಲು ತಿಂದು, ನಮ್ಮ ಕೈಲೇ ಪುಣ್ಯಾತ್ಮ ಅನ್ನಿಸ್ಕೊಂಡ ಮುಂಡೇಗಂಡ."

ಮಗ ಬೆಚ್ಚಿ ನೋಡಿದ. ಅಮ್ಮನ ಬಾಯಲ್ಲಿ ಅವನು ಅಂಥ ಮಾತು ಕೇಳಿರಲಿಲ್ಲ.

ಬೆಳಿಗ್ಗೆ ಅತ್ತೆ ಅಚ್ಚುಗಳ ಹತ್ತಿರ ಹೋಗಲಿಲ್ಲ. ಹಿಂದಿನ ಚಪ್ಪರದಲ್ಲಿ ತುಂಬಿದ್ದ ಮುರಿದ ಅಚ್ಚು, ಹಳೆಯ ಗೋಣಿಗಳನ್ನು ಎಳೆದು ಹೊರಗೆ ಹಾಕಿ ಗುಡಿಸಿದಳು. ಚಪ್ಪರದ ಬಾಗಿಲಿಗೆ ಅಡ್ಡಲಾಗಿ ಎರಡು ಬಿದಿರು ಗಳ ಕಟ್ಟಿದಳು. ಒಂದು ಕೊಡ ನೀರು, ಒಂದು ಲೋಟ, ಒಗೆದ ಮೆತ್ತನೆಯ ಬಟ್ಟೆ ತಂದಿಟ್ಟಳು. ಗುಂಡನನ್ನೂ ಇಲಿಮರಿಯನ್ನೂ ಒಳಗೆ ಕೂರಿಸಿಕೊಂಡು, "ಯಾರಿಗೆ ಬೇಕೋ ಬಿಟ್ಟು ಹೋಗ್ರೇ," ಎಂದು ಹೆಂಗಸರನ್ನು ಕೂಗಿದಳು. "ಗಂಟು ಮಾತ್ರ ಹೊರಗೇ ಇರಲಿ."

ಹೆಂಗಸರು ಅನುಮಾನಿಸಿದರು. ರೇಡಿಯೋ ಮೊದಲು ತನ್ನ ಮೊಮ್ಮಗಳನ್ನು ಗಳದ ಆಚೆ ಇಳಿಸಿದಳು. "ತಗೋಳಕ್ಕ. ಇವಳು ಕಚ್ತಾಳೆ, ನೋಡ್ಕೋ. ಇನ್ನೂ ಕಚ್ಚೋಕೆ ಹಲ್ಲಿರೋದು ಇವಳಿಗೊಬ್ಬಳಿಗೇ."

ಯಜಮಾನ ಬಂದಾಗ ಅತ್ತೆ ಒಂದು ಮಗುವಿನ ಹಲ್ಲು ಒರೆಸುತ್ತಿದ್ದಳು. "ಇದೇನಮ್ಮಾ? ಅಚ್ಚು ಯಾರು ತೊಳೀತಾರೆ?"

"ಅಚ್ಚು ತೊಳೆಯೋಕೆ ಇಬ್ಬರಿದಾರೆ ಯಜಮಾನ್ರೇ. ನಾನು ಮುದ್ದಜ್ಜಿ ಕೆಲಸಕ್ಕೆ ಬಂದಿದೀನಿ."

"ಮುದ್ದಜ್ಜಿ ಸತ್ತು ಯಾವ ಕಾಲ ಆಯ್ತು?"

"ಅವಳು ಸತ್ಲು. ಕೆಲಸ ಸಾಯಲಿಲ್ಲ. ಅದನ್ನ ನೀವು ನಮ್ಮ ಮಕ್ಕಳ ಬಾಯಿಗೆ ತುರುಕಿದ್ರಿ."

ಯಜಮಾನ ಸುತ್ತ ನೋಡಿ ನಕ್ಕ. "ಯಾರೋ ಡಾಕ್ಟರು ಏನೋ ಅಂದ್ರೆ... ನಮಗೆ ಇದೆಲ್ಲ ಗೊತ್ತಿತ್ತಾ? ಪ್ರೀತಿಯಿಂದ ಕೊಟ್ಟಿದ್ದು."

ಕೊಪ್ಪರಿಗೆಯ ಹತ್ತಿರದಿಂದ ರೇಡಿಯೋ ನೊರೆಯ ಸೌಟು ಹಿಡಿದೇ ಮಾತಾಡಿದಳು. "ಹೋದ ವರ್ಷ ನಿಮ್ಮ ಮೊಮ್ಮಗ ಬಂದಿದ್ದ ಯಜಮಾನ್ರೇ. ಪಾಪ, ನೋಡ್ತಾ ನಿಂತಿತ್ತು ಮಗು. ಒಂದು ಚೂರು ಬಿಸಿ ಬೆಲ್ಲ ಕೈಗಿಟ್ಟೆ. ನಿಮ್ಮ ಮಗಳು ಬಂದು ಕಿತ್ತು ಬಿಸಾಡಿದ್ಲು. ಇವನಿಗೆ ಕೊಡಬೇಡಿ, ಹಲ್ಲು ಹುಳ ಹಿಡಿಯುತ್ತೆ ಅಂದ್ಲು. ನೀವು ಅಲ್ಲೇ ಪಕ್ಕದಲ್ಲಿ ನಿಂತಿದ್ರಿ. ನಮ್ಮ ಮಕ್ಕಳು ಗೋಡೆ ಪಕ್ಕ ಚೀಪ್ತಾ ಇದ್ರು."

ನೊರೆ ತೆಗೆಯುವವರು, ಸಿಪ್ಪೆ ಹೊರುವವರು ಎಲ್ಲರೂ ಇದ್ದಲ್ಲೇ ನಿಂತು ಅವನನ್ನು ನೋಡಿದರು. ಒಲೆಯ ಮುಂದೆ ಅವಳೊಬ್ಬಳೇ ಕೈ ನಿಲ್ಲಿಸಿರಲಿಲ್ಲ. ಅವಳು ಉರಿಯಿಂದ ಕಣ್ಣು ತೆಗೆಯದೆ, "ನಿಮ್ಮ ಮೊಮ್ಮಗನ ಹಲ್ಲು ಹಲ್ಲು," ಎಂದಳು. "ನಮ್ಮ ಮಕ್ಕಳದು ಬೆಲ್ಲದ ಹಲ್ಲು."

ಯಜಮಾನನಿಗೆ ನೊಂದುಕೊಳ್ಳಲೂ ಆಗಲಿಲ್ಲ. "ಕೂತ್ಕೊಳ್ಳೋರು ಕೂತ್ಕೊಳ್ಳಿ," ಎಂದ. "ಕೂತಿದ್ದಕ್ಕೆ ನಾನು ಕೂಲಿ ಕೊಡಲ್ಲ," ಎಂದು ಹೊರಟುಹೋದ.

ಅತ್ತೆ ಕಬ್ಬಿನ ಕಾಲ ಮುಗಿಯುವ ತನಕ ಕೂತಳು. ಸುಲಭವಾಗಿರಲಿಲ್ಲ. ಮೊದಲ ದಿನಗಳಲ್ಲಿ ಮಕ್ಕಳು ಗಳ ಹಿಡಿದು ಕಿರುಚಿದವು. ತಾಯಂದಿರಲ್ಲಿ ಒಬ್ಬಳು ಕದ್ದು ಪಾಕ ಅದ್ದಿ ತಂದು ಅತ್ತೆಯಿಂದ ಬೈಸಿಕೊಂಡಳು. ಆಮೇಲೆ ಅಳು ತಗ್ಗಿತು. ಸಿಹಿ ಬೇಕೆಂದವರಿಗೆ ಊಟವಾದ ಮೇಲೆ ಒಂದು ಚೂರು ಬೆಲ್ಲ, ಅದರ ಬೆನ್ನಿಗೇ ನೀರು. ಮತ್ತೆ ಕೇಳಿದರೆ ಅತ್ತೆ ತನ್ನ ಬೊಚ್ಚು ಬಾಯಿ ತೆರೆದು ತೋರಿಸುತ್ತಿದ್ದಳು. ಇಲಿಮರಿಯ ಗುಳಿಗಳನ್ನು ಡಾಕ್ಟರು ತುಂಬಿದಳು. ಮೂರನೆಯ ಸಲ ಹೋದಾಗ ಗುಂಡನ ತುಟಿ ಎತ್ತಿ ದೀಪದಲ್ಲಿ ಹೊರಳಿಸಿ ನೋಡಿ, ಗೀರು ಬೆಳೆದಿಲ್ಲ, ಹೊಳಪು ಬರುತ್ತಿದೆ ಎಂದಳು. ಹಾಗೆಯೇ ಕಣ್ಣೆತ್ತದೆ, "ಮುಂದಿನ ಕಾಲ ಶುರುವಾದಾಗ ತಿಳಿಸಿ, ನಾನೇ ಒಂದು ದಿನ ಅಲ್ಲಿಗೆ ಬರ್ತೀನಿ," ಎಂದಳು.

ಕೊನೆಯ ಬಟವಾಡೆಯ ದಿನ ಎಲ್ಲರಿಗೂ ಕೂಲಿ ಸಂದಿತು. ಅತ್ತೆಯ ಸರದಿ ಬಂದಾಗ ಯಜಮಾನ ಒಂದು ದೊಡ್ಡ ಅಚ್ಚಿನ ಬೆಲ್ಲವನ್ನು ಕಾಗದದಲ್ಲಿ ಸುತ್ತಿ ಎರಡು ಕೈಯಲ್ಲಿ ಕೊಟ್ಟ. "ಪ್ರೀತಿಗೆ ಅಂತ ಇಟ್ಕೋಮ್ಮ."

"ಪ್ರೀತಿ ಸಾಕಾಗಿದೆ," ಎಂದಳು ಅತ್ತೆ. "ಕೂಲಿ ಕೊಡಿ."

"ಅದನ್ನ ಆಗಲೇ ಹೇಳಿದೀನಲ್ಲ."

"ನಾನೂ ಹೇಳಿದೀನಿ." ಬೆಲ್ಲವನ್ನು ಅವನ ಮೇಜಿನ ಮೇಲೇ ಇಟ್ಟು ಅವಳು ಜಗಲಿ ಇಳಿದು ಬಂದಳು.

ಅಲ್ಲಿಂದ ಮುಂದೆ ಅವನು ಎಲ್ಲಿ ಕಂಡರೂ ಅತ್ತೆ ಕೇಳುತ್ತಿದ್ದಳು. ಕ್ಷೌರದಂಗಡಿಯಲ್ಲಿ ಅವನ ಮುಖಕ್ಕೆಲ್ಲ ನೊರೆ ಹಚ್ಚಿದ್ದಾಗ ಬಾಗಿಲಲ್ಲಿ ನಿಂತು ಕೇಳಿದಳು. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕೇಳಿದಳು. ದನಿ ಏರಿಸುತ್ತಿರಲಿಲ್ಲ, "ಯಜಮಾನ್ರೇ, ನನ್ನ ಬಾಕಿ?" ಅಷ್ಟೇ. ಕೇಳಿಸಿಕೊಂಡವರು ಯಾವ ಬಾಕಿ ಎಂದು ವಿಚಾರಿಸುತ್ತಿದ್ದರು. ವಿಚಾರಿಸಿದವರಿಗೆ ಅವಳು ಮೊದಲಿನಿಂದ, ಏನೂ ಬಿಡದೆ ಹೇಳುತ್ತಿದ್ದಳು.

ಒಂದು ದಿನ ಹಿಟ್ಟಿನ ಗಿರಣಿಯ ಸಾಲಿನಲ್ಲಿ ಅವನು ಸಿಕ್ಕಿಬಿದ್ದ. ಮುಂದೆ ಚೀಲಗಳು, ಹಿಂದೆ ಜನ, ಜಾರಿಕೊಳ್ಳಲು ದಾರಿಯಿರಲಿಲ್ಲ.

"ಎಷ್ಟು ದಿನ ಅಂತ ಕೇಳ್ತೀಯಮ್ಮ ನೀನು?" ಎಂದ ಸೋತ ದನಿಯಲ್ಲಿ. "ಅಷ್ಟು ಬೇಕಿದ್ರೆ ಇಲ್ಲೇ ಕೊಟ್ಟುಬಿಡ್ತೀನಿ, ತಗೋ." ಅವನ ಕೈ ಜೇಬಿಗೆ ಹೋಯಿತು.

"ಇಲ್ಲಿ ಬೇಡ. ಮುಂದಿನ ಕಾಲಕ್ಕೆ ಚಪ್ಪರಕ್ಕೆ ಒಬ್ಬಳನ್ನ ಇಟ್ಟು, ಎಲ್ಲರ ಜೊತೆ ಸಾಲಲ್ಲಿ ನಿಲ್ಲಿಸಿ, ಇದು ಅವಳ ಕೂಲಿ ಅಂತ ಹೇಳಿ ಕೊಡಿ. ಆಗ ನಂದೂ ಕೊಡಿ."

ಯಜಮಾನ ಜೇಬಿನಿಂದ ಕೈ ತೆಗೆದ. ಕೈ ಖಾಲಿಯಿತ್ತು. ಗಿರಣಿಯವನು ಮುಂದಿನ ಚೀಲಕ್ಕೆ ಕೂಗಿದ. ಯಜಮಾನ ಹಿಟ್ಟು ತುಂಬಿಸಿಕೊಂಡು, ಅವಳತ್ತ ನೋಡದೆ ಮೆಟ್ಟಿಲು ಇಳಿದುಹೋದ. ಅತ್ತೆ ತನ್ನ ಚೀಲವನ್ನು ತಕ್ಕಡಿಗೆ ಹಾಕಿದಳು. ಹಿಂದೆ ನಿಂತಿದ್ದ ಹೆಂಗಸು, "ಏನಮ್ಮ ಅದು ಬಾಕಿ?" ಎಂದು ಕೇಳಿದಳು.